ಕಾರು ಓಡಿಸಿದವನಿಗೆ ಸನ್ಮಾನ

ಇಂದಿನ ಸಭೆಯ ಅಧ್ಯಕ್ಷತೆ ವಹಿಸಿರುವ ಜಿಲ್ಲೆಯ ಮುಖ್ಯಸ್ಥರೇ, ರಾಜಧಾನಿ ಬಿಷ್ಕೆಕ್‌ನಿಂದ ಆರು ಗಂಟೆ ರಸ್ತೆಯ ಧೂಳು ಕುಡಿದು ಬಂದಿರುವ ಮುಖ್ಯ ಅತಿಥಿಗಳೇ, ಮೊದಲ ಸಾಲಿನ ಬಿಳಿಗಡ್ಡದ ಹಿರಿಯರೇ, ಅವರ ಹಿಂದೆ ಕುಳಿತಿರುವ ತಾಯಂದಿರೇ, ನನ್ನನ್ನು ಒಂಬತ್ತನೆಯ ತರಗತಿಯವರೆಗೂ ಸಹಿಸಿಕೊಂಡ ಉಪಾಧ್ಯಾಯರೇ, ನಮ್ಮ ಓದುಗರ ಬಹಿಷ್ಕಾರ ಸಮಿತಿಯ ಗೆಳೆಯರೇ, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿರುವ ಸಭಿಕರೇ, ಎಲ್ಲರಿಗೂ ವಂದನೆಗಳು.

ನನ್ನ ಹೆಸರು ತಾಲಾಯ್. ನಿರೂಪಕಿ ಮೇಡಂ ನನ್ನನ್ನು ‘ಜಿಲ್ಲೆಯ ಆತ್ಮಸಾಕ್ಷಿ’ ಎಂದು ಪರಿಚಯಿಸಿದರು. ಅದು ತುಂಬ ದೊಡ್ಡ ಮಾತು. ನಾನು ಸಾರಿ-ತೆರೆಕ್ ಊರಿಗೂ ನಾರಿನ್ ಪಟ್ಟಣಕ್ಕೂ ನಡುವೆ ಹದಿನೈದು ಸೀಟಿನ ವ್ಯಾನು ಓಡಿಸುವವನು. ಈ ಸಭೆಯಲ್ಲಿ ಅರ್ಧಕ್ಕೆ ಅರ್ಧ ಜನ ನನ್ನ ವ್ಯಾನಿನಲ್ಲಿ ಕುಳಿತವರು. ಉಳಿದರ್ಧ ಜನ, ಸೀಟು ಸಿಗದೆ ನನ್ನನ್ನು ಬೈದವರು. ಇಬ್ಬರಿಗೂ ನಾನು ಋಣಿ.

ಈ ಮೇಜಿನ ಮೇಲೆ ಒಂದು ಬಿಳಿ ಕಲ್ಪಾಕ್ ಇದೆ. ನಾಲ್ಕು ಮಡಿಕೆಯ, ಕಪ್ಪು ಕಸೂತಿಯ, ಒಳ್ಳೆಯ ಉಣ್ಣೆಯ ಟೋಪಿ. ನನ್ನ ಮಾತು ಮುಗಿದ ಮೇಲೆ ಅಧ್ಯಕ್ಷರು ಅದನ್ನು ನನ್ನ ತಲೆಗೆ ಇಡಬೇಕು ಎಂದು ಕಾರ್ಯಕ್ರಮ ಪಟ್ಟಿಯಲ್ಲಿ ಅಚ್ಚಾಗಿದೆ. ಏಕೆ? ಒಬ್ಬ ಲೇಖಕಿಯ ವಿರುದ್ಧ ನಡೆದ ಬಹಿಷ್ಕಾರದಲ್ಲಿ ನಮ್ಮ ಜಿಲ್ಲೆ ಇಡೀ ಪ್ರಾಂತಕ್ಕೆ ಮೊದಲು ನಿಂತಿತು, ಅದರ ಮುಂದೆ ನಾನು ನಿಂತಿದ್ದೆ ಎಂದು. ಸರಿ. ಆದರೆ ಟೋಪಿಗೂ ನನ್ನ ತಲೆಗೂ ನಡುವೆ ಒಂದು ಮಾತು ಬಾಕಿ ಇದೆ. ಮಾರ್ಚ್‌ನಿಂದ ಈಚೆಗೆ ನಾನು ಹನ್ನೊಂದು ವೇದಿಕೆ ಹತ್ತಿದ್ದೇನೆ. ಹನ್ನೊಂದು ಸಲವೂ ಆ ಮಾತನ್ನು ಹೇಳದೆ ಇಳಿದಿದ್ದೇನೆ. ಅದನ್ನು ಹೇಳು ಎಂದು ಕೇಳಿದವರು ಇವತ್ತು ಈ ಸಭೆಯಲ್ಲಿದ್ದಾರೆ. ಇವತ್ತೂ ಹೇಳದೆ ಇಳಿದರೆ ಮುಂದೆಂದೂ ಹೇಳಲಾರೆ ಎಂದು ನನಗೆ ಗೊತ್ತು. ಆದ್ದರಿಂದ ಐದು ನಿಮಿಷಕ್ಕೆ ಮೀರಿದರೆ ಕ್ಷಮಿಸಿ. ಮೈಕಿನ ಅಣ್ಣನವರು ದಯವಿಟ್ಟು ಮೈಕು ಆರಿಸಬಾರದು.

ಆ ಲೇಖಕಿ, ಊರೆಲ್ಲ ‘ಅಪಾ’, ಅಂದರೆ ಅಮ್ಮ, ಎಂದು ಕರೆಯುವ ಕಾನಿಶೈ ಅವರನ್ನು ನಿಮಗೆ ಪರಿಚಯಿಸಬೇಕೇ? ಅತಿಥಿಗಳಿಗೂ ಬೇಕಾಗಿಲ್ಲ. ಅವರ ‘ಇಳಿಯದ ಮೇಕೆ’ ಓದದೆ ಈ ದೇಶದಲ್ಲಿ ಯಾರು ಎರಡನೆಯ ತರಗತಿ ದಾಟಿದ್ದಾರೆ? ಶರತ್ಕಾಲ ಬರುತ್ತದೆ, ಹಿಂಡು ಬೆಟ್ಟ ಇಳಿಯುತ್ತದೆ, ಒಂದು ಮೇಕೆ ಮಾತ್ರ ಒಲ್ಲೆ ಎನ್ನುತ್ತದೆ. ಹಗ್ಗ ಹಾಕಿ ಎಳೆಯುತ್ತಾರೆ, ಉಪ್ಪು ತೋರಿಸುತ್ತಾರೆ, ಬೈಯುತ್ತಾರೆ. ಕೊನೆಗೆ ಮನೆಯವರೆಲ್ಲ ಗುಡಾರ ಹೊತ್ತು ಮೇಕೆ ಇದ್ದಲ್ಲಿಗೇ ಹೋಗುತ್ತಾರೆ. ನಾನು ಪೂರ್ತಿಯಾಗಿ ಓದಿದ ಮೊದಲ ಪುಸ್ತಕ ಅದು. ಸತ್ಯ ಹೇಳುವುದಾದರೆ ಬಹಳ ವರ್ಷದ ತನಕ ಅದೊಂದೇ. ಶಾಲೆ ಬಿಟ್ಟಾಗ ಅಮ್ಮ, ‘ಮೇಕೆ ಕಥೆ ಓದಿ ಓದಿ ಮೇಕೆನೇ ಆಗ್ಬಿಟ್ಟ’ ಎಂದು ನೆರೆಯವರ ಮುಂದೆ ಅತ್ತಳು.

ನಾನು ಶಾಲೆ ಏಕೆ ಬಿಟ್ಟೆ ಎಂದು ಉಪಾಧ್ಯಾಯರು ಹಲವು ಕಾರಣ ಹೇಳುತ್ತಾರೆ. ಒಂದು ಕಾರಣವನ್ನು ನಾನೇ ಹೇಳುತ್ತೇನೆ. ಒಂಬತ್ತನೆಯ ತರಗತಿಯವರೆಗೂ ನನ್ನ ಉಕ್ತಲೇಖನವನ್ನೆಲ್ಲ ಮುಂದಿನ ಬೆಂಚಿನ ಒಬ್ಬ ಹುಡುಗಿ ತಿದ್ದಿ ಕೊಡುತ್ತಿದ್ದಳು. ತಿದ್ದುವಾಗ ನನ್ನ ಕಡೆ ತಿರುಗದೆ, ‘ಕತ್ತೆ, ಇಲ್ಲೊಂದು ಅಕ್ಷರ ನುಂಗಿದೀಯ’ ಎನ್ನುತ್ತಿದ್ದಳು. ಒಂಬತ್ತು ಮುಗಿದ ಮೇಲೆ ಅವಳು ನರ್ಸಿಂಗ್ ಓದಲು ಬಿಷ್ಕೆಕ್‌ಗೆ ಹೋದಳು. ಆಮೇಲೆ ನನಗೆ ಶಾಲೆಗೆ ಹೋಗಲು ಏನೂ... ಅಂದರೆ, ಉಕ್ತಲೇಖನ ತಿದ್ದುವವರು ಇರಲಿಲ್ಲ. ಅಷ್ಟೇ. ಮುಂದಿನ ಮಾತಿಗೆ ಬರುತ್ತೇನೆ.

ಮಾರ್ಚ್ ತಿಂಗಳ ಮಹಿಳಾ ದಿನದಂದು ಕಾನಿಶೈ ಅಪಾ ಟೀವಿಯಲ್ಲಿ ಮಾತಾಡಿದರು. ಎಪ್ಪತ್ತೆರಡರ ವಯಸ್ಸು, ನೆಟ್ಟಗೆ ಕುಳಿತಿದ್ದರು. ಹುಡುಗಿಯರನ್ನು ದಾರಿಯಿಂದ ಎತ್ತಿಕೊಂಡು ಹೋಗಿ ಮದುವೆಯಾಗುವ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳಿದ್ದಕ್ಕೆ ಅವರು ಹೇಳಿದ ಮಾತು ನಿಮಗೆಲ್ಲ ಬಾಯಿಪಾಠವಾಗಿದೆ.

‘ನನ್ನನ್ನೂ ಎತ್ಕೊಂಡೇ ಹೋಗಿದ್ದು. ಮೂರು ದಿನ ಅತ್ತೆ, ನಾಲ್ಕನೇ ದಿನ ಎದ್ದು ಹಿಟ್ಟು ಕಲಸಿದೆ. ಈಗಿನ ಹುಡುಗೀರಿಗೆ ಹಿಟ್ಟು ಕಲಸೋಕೆ ಬರಲ್ಲ, ಅಳೋಕೆ ಬರುತ್ತೆ. ಕಲ್ಲಿಗೆ ಬಿದ್ದ ಜಾಗದಲ್ಲೇ ತೂಕ.’

ಒಂದು ನಿಮಿಷದ ವಿಡಿಯೋ. ಮಧ್ಯಾಹ್ನದೊಳಗೆ ನನ್ನ ವ್ಯಾನಿನ ಹದಿನೈದು ಫೋನುಗಳಲ್ಲೂ ಅದೇ ಓಡುತ್ತಿತ್ತು. ಬಿಷ್ಕೆಕ್‌ನಲ್ಲಿ ವಿದ್ಯಾರ್ಥಿನಿಯರು ಪುಸ್ತಕದಂಗಡಿಗಳ ಮುಂದೆ ನಿಂತರು. ಪ್ರಕಾಶಕರು ಹೊಸ ಮುದ್ರಣ ನಿಲ್ಲಿಸಿದರು. ಅವರ ಸ್ವಂತ ಊರಾದ ನಮ್ಮಲ್ಲಿ ಶಾಲೆಯ ಗೋಡೆಯಿಂದ ಅವರ ಚಿತ್ರ ಇಳಿಯಿತು. ಆ ಜಾಗದಲ್ಲಿ ಬಣ್ಣ ಮಾಸದ ಒಂದು ಚೌಕ ಉಳಿದಿದೆ, ಅದಕ್ಕೆ ಈಗ ವೇಳಾಪಟ್ಟಿ ಅಂಟಿಸಿದ್ದಾರೆ.

ಆ ಮಾತು ತಪ್ಪು. ಆಗಲೂ ತಪ್ಪು ಎಂದೆ, ಈಗಲೂ ತಪ್ಪು ಎನ್ನುತ್ತೇನೆ, ನಾಳೆ ಕೇಳಿದರೂ ಅದನ್ನೇ ಹೇಳುತ್ತೇನೆ. ಇನ್ನೊಬ್ಬರ ಮಗಳು ಬಿದ್ದಲ್ಲೇ ಬಿದ್ದಿರಬೇಕಾದ ಕಲ್ಲಲ್ಲ. ಈ ವಿಷಯದಲ್ಲಿ ಯಾರಿಗೂ ಗೊಂದಲ ಬೇಡ.

ನಾವು ಸಮಿತಿ ಮಾಡಿದೆವು. ಮನೆ ಮನೆಗೆ ಹೋಗಿ ಅವರ ಪುಸ್ತಕ ಕೇಳಿದೆವು. ಜನ ಕೊಟ್ಟರು. ಕೆಲವರು ಸಿಟ್ಟಿನಿಂದ ಕೊಟ್ಟರು, ಕೆಲವರು ಕಪಾಟಿನಲ್ಲಿ ಜಾಗವಾಗಲಿ ಎಂದು ಕೊಟ್ಟರು. ಒಬ್ಬ ಹಿರಿಯರು ಟ್ರ್ಯಾಕ್ಟರ್ ರಿಪೇರಿಯ ಪುಸ್ತಕ ತಂದುಕೊಟ್ಟರು. ‘ಇದು ಅಪಾ ಬರೆದಿದ್ದಲ್ಲ ಅಜ್ಜ’ ಎಂದರೆ, ‘ಇರ್ಲಿ ತಗೋ, ಇದ್ರಿಂದಾನೂ ಯಾರಿಗೂ ಒಳ್ಳೇದಾಗಿಲ್ಲ’ ಎಂದರು. ನಗಿ, ನಗಬಹುದು. ಆ ಪುಸ್ತಕಗಳೆಲ್ಲ ಇದೇ ಸಂಸ್ಕೃತಿ ಭವನದ ಹಿಂದೆ, ಕಲ್ಲಿದ್ದಲಿನ ಕೋಣೆಯಲ್ಲಿವೆ.

ಒಂದು ಮನೆಯಲ್ಲಿ ಮಾತ್ರ ಪುಸ್ತಕ ಕೊಡಲಿಲ್ಲ.

ಅಂಗಳದಲ್ಲಿ ಒಬ್ಬ ಹೆಂಗಸು ಕಂಬಳಿ ಒಗೆದು ಹರವುತ್ತಿದ್ದಳು. ಐದು ವರ್ಷದ ಹುಡುಗಿಯೊಂದು ಮೆಟ್ಟಿಲ ಮೇಲೆ ಕುಳಿತು ಅದೇ ಮೇಕೆ ಪುಸ್ತಕದ ಚಿತ್ರ ನೋಡುತ್ತಿತ್ತು. ನಾನು ಗೇಟಿನಲ್ಲೇ ನಿಂತು ಸಮಿತಿಯ ಮಾತನ್ನು ಸಮಿತಿಯ ದನಿಯಲ್ಲೇ ಹೇಳಿದೆ. ಅವಳು ಕಂಬಳಿ ಬಿಡಲಿಲ್ಲ.

‘ನನ್ನ ಕರ್ಕೊಂಬಂದೆ. ಈಗ ನನ್ನ ಮಗಳ ಪುಸ್ತಕ ಕರ್ಕೊಂಡು ಹೋಗೋಕೆ ಬಂದ್ಯಾ?’

‘ಇದು ಬೇರೆ ವಿಷಯ’ ಎಂದೆ.

‘ಹೌದಾ? ಬೇರೆ ಹೇಗೆ, ಹೇಳು ನೋಡೋಣ. ಭಾಷಣ ಚೆನ್ನಾಗಿ ಮಾಡ್ತೀಯಂತಲ್ಲ.’

ಅವಳೇ ಹೇಳಿದಳು. ‘ನಾನು ಅಪಾಗೆ ನಿನಗಿಂತ ಮುಂಚೆನೇ ಕಾಗದ ಬರ್ದಿದೀನಿ. ಟೀವಿ ನೋಡಿದ ರಾತ್ರಿನೇ. ಎರಡು ಹಾಳೆ ಬೈದಿದೀನಿ. ಅದು ನನಗೂ ಅವರಿಗೂ ಇರೋದು. ನಿನಗೂ ನನಗೂ ಇರೋದು ಬೇರೆ ಇದೆಯಲ್ಲ, ಅದರ ಮಾತಾಡು.’

ಸಭಿಕರೇ, ಇದೇ ಆ ಮಾತು. ನಿಧಾನವಾಗಿ ಹೇಳುತ್ತೇನೆ. ಅವಳ ಹೆಸರು ಹೇಳುವುದಿಲ್ಲ, ಹೇಳಬಾರದು ಎಂದು ಅವಳೇ ಹೇಳಿದ್ದಾಳೆ. ನಿಮ್ಮಲ್ಲಿ ಬಹಳ ಜನರಿಗೆ ಹೆಸರು ಗೊತ್ತು. ಗೊತ್ತಿರುವವರಿಗೆ ಹೇಗೆ ಗೊತ್ತು? ಆ ಮದುವೆಯಲ್ಲಿ ಊಟ ಮಾಡಿದ್ದರಿಂದ ಗೊತ್ತು.

ಆರು ವರ್ಷದ ಹಿಂದೆ, ಜನವರಿ. ನನಗೆ ಹದಿನೆಂಟು. ಊರಿನಲ್ಲಿ ಮಂಜುಗಡ್ಡೆಯ ಮೇಲೆ ಜಾರದೆ ಕಾರು ಓಡಿಸಬಲ್ಲ ಹುಡುಗ ನಾನೊಬ್ಬನೇ ಎಂಬ ಹೆಸರಿತ್ತು, ಆ ಹೆಸರಿನ ಮೇಲೆ ನನಗೆ ಬಹಳ ಪ್ರೀತಿಯಿತ್ತು. ನನ್ನ ಗೆಳೆಯ ಬಂದು, ‘ನಿಮ್ಮ ಮಾವನ ಕಾರು ತಗೊಂಬಾ, ಒಬ್ಬಳನ್ನ ಕರ್ಕೊಂಬರ್ಬೇಕು’ ಎಂದ. ಯಾರನ್ನು ಎಂದು ಕೇಳಿದೆ. ಹೇಳಿದ. ಮುಂದಿನ ಬೆಂಚಿನವಳು. ರಜೆಗೆ ಊರಿಗೆ ಬಂದಿದ್ದಳು.

ಆಗ ನಾನು ಬೇಡ ಅನ್ನಬಹುದಿತ್ತು. ಅಂದರೆ ಅವನು ‘ಯಾಕೆ?’ ಎಂದು ಕೇಳುತ್ತಿದ್ದ. ಆ ಪ್ರಶ್ನೆಗೆ ಉತ್ತರ ಕೊಡುವುದು ಬೇಡವಾಗಿತ್ತು. ಆದ್ದರಿಂದ ಕೀಲಿ ತಂದೆ.

ಔಷಧಿ ಅಂಗಡಿಯ ಮುಂದೆ ಅವಳು ನಿಂತಿದ್ದಳು. ಕೈಯಲ್ಲಿ ಅವಳ ಅಪ್ಪನ ಕೆಮ್ಮಿನ ಔಷಧಿ. ಗೆಳೆಯ ಮತ್ತು ಅವನ ಸೋದರ ಸಂಬಂಧಿ ಹಿಂದಿನ ಸೀಟಿನಲ್ಲಿದ್ದರು, ಗಾಜಿಗೆ ಹಿಮ ಕಟ್ಟಿತ್ತು. ನಾನು ಕಿಟಕಿ ಇಳಿಸಿ, ‘ಹತ್ತು, ಮನೆಗೆ ಬಿಡ್ತೀನಿ’ ಎಂದೆ. ಅವಳು ಬಗ್ಗಿ ನೋಡಿ, ‘ಓ, ಕತ್ತೆ, ನೀನಾ?’ ಎಂದು ನಕ್ಕು ಬಾಗಿಲು ತೆಗೆದಳು.

ಹೌದು. ‘ಎತ್ತಿಕೊಂಡು ಹೋದರು’ ಎಂದು ಎಲ್ಲರೂ ಹೇಳುತ್ತೇವೆ. ಯಾರೂ ಎತ್ತಲಿಲ್ಲ. ನನ್ನನ್ನು ನೋಡಿ ಅವಳೇ ಹತ್ತಿದಳು.

ದಾರಿಯಲ್ಲಿ ಏನಾಯಿತು ಎಂದು ಹೇಳುವ ಹಕ್ಕು ನನಗಿಲ್ಲ. ನಾನು ಕನ್ನಡಿ ನೋಡಲಿಲ್ಲ, ರಸ್ತೆ ನೋಡಿದೆ. ತುಂಬ ಚೆನ್ನಾಗಿ ಓಡಿಸಿದೆ. ಒಂದು ಸಲವೂ ಜಾರಲಿಲ್ಲ. ಆ ಮನೆಯಲ್ಲಿ ಬಿಳಿ ಬಟ್ಟೆ ಸಿದ್ಧವಾಗಿತ್ತು. ಅದನ್ನು ತಲೆಗೆ ಕಟ್ಟಿಸಿಕೊಂಡರೆ ಸೊಸೆ. ಅವಳು ಕಿತ್ತೆಸೆದಳು, ಮತ್ತೆ ಕಟ್ಟಿದರು. ಹೊರಗೆ ಓಡಬಾರದೆಂದು ಮನೆಯ ಅಜ್ಜಿ ಹೊಸ್ತಿಲಿಗೆ ಅಡ್ಡ ಮಲಗಿದರು. ಮುದುಕಿಯನ್ನು ದಾಟಿ ಹೋದ ಹುಡುಗಿಗೆ ಒಳ್ಳೆಯದಾಗುವುದಿಲ್ಲ ಎಂದು ನಮಗೆಲ್ಲ ಕಲಿಸಿದ್ದಾರಲ್ಲ? ನಾನು ಅಂಗಳದಲ್ಲಿ ಎಂಜಿನ್ ಆರಿಸದೆ ಕುಳಿತಿದ್ದೆ. ಅವಳು ಹೊರಗೆ ಬಂದುಬಿಟ್ಟರೆ ವಾಪಸು ಬಿಡೋಣವೆಂದೇ ಎಂಜಿನ್ ಆರಿಸಲಿಲ್ಲ ಎಂದು ಆರು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಹೊರಗೆ ಚಳಿಯಿತ್ತು, ಕಾರಿನ ಹೀಟರ್ ಬೇಕಾಗಿತ್ತು.

ಮದುವೆಯಲ್ಲಿ ಕಾರು ಓಡಿಸಿದವನಿಗೆ ಅಂಗಿ ಉಡುಗೊರೆ ಕೊಡುವುದು ವಾಡಿಕೆ. ನನಗೂ ಕೊಟ್ಟರು. ನೀಲಿ ಅಂಗಿ. ನಾನು ಅದನ್ನು ತೊಟ್ಟೆ, ಹರಿಯುವ ತನಕ ತೊಟ್ಟೆ.

ಅವಳು ನರ್ಸ್ ಆಗಲಿಲ್ಲ.

ಏಪ್ರಿಲ್‌ನಲ್ಲಿ ಪುಸ್ತಕ ಕೇಳಲು ಹೋದಾಗ ಅವಳು ಅಂಗಳದಲ್ಲಿ ನನಗೆ ಹೇಳಿದ್ದು ಇಷ್ಟು. ‘ಅವರಿಬ್ಬರೇ ಇದ್ದಿದ್ರೆ ನಾನು ಹತ್ತುತಾನೇ ಇರ್ಲಿಲ್ಲ. ನೀನು ಸ್ಟಿಯರಿಂಗ್ ಹಿಡಿದು ಕೂತಿದ್ದೆ. ಅದಕ್ಕೆ ಹತ್ತಿದೆ. ಇದನ್ನ ನೀನು ಹೇಳ್ಬೇಕು. ನನ್ನ ಹತ್ರ ಬೇಡ, ನನಗೆ ಗೊತ್ತು. ಅಪಾನ ಬೈತೀಯಲ್ಲ, ಆ ವೇದಿಕೆ ಮೇಲೆ ನಿಂತು ಹೇಳು. ಹುಡುಗಾಟ ಅನ್ಬೇಡ. ಪದ್ಧತಿ ಅನ್ಬೇಡ. ಅಳಬೇಡ, ನೀನು ಅತ್ರೆ ಜನ ನಿನ್ನನ್ನೇ ಸಮಾಧಾನ ಮಾಡ್ತಾರೆ. ನಾನೇ ಓಡಿಸಿದ್ದು, ನನ್ನನ್ನ ನಂಬಿ ಹತ್ತಿದಳು ಅಂತ ಅಷ್ಟೇ ಹೇಳು.’

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಹೇಳಲಿಲ್ಲ. ವೇದಿಕೆ ಹತ್ತಿದಷ್ಟೂ ದನಿ ಏರಿತು, ಅಪಾನನ್ನು ಇನ್ನೂ ಜೋರಾಗಿ ಬೈದೆ. ನೀವು ಚಪ್ಪಾಳೆ ತಟ್ಟಿದಿರಿ. ಆ ಚಪ್ಪಾಳೆ ತಟ್ಟಿದ ಕೈಗಳಲ್ಲಿ ಆ ಮದುವೆಯ ಮಾಂಸ ತಿಂದ ಕೈಗಳೂ ಇದ್ದವು. ಇದನ್ನು ನಾನು ನಿಮ್ಮ ಮೇಲೆ ಆರೋಪವಾಗಿ ಹೇಳುತ್ತಿಲ್ಲ. ನನ್ನ ಕೈಯೂ ಅಲ್ಲಿತ್ತು. ಐವತ್ತು ವರ್ಷದ ಹಿಂದೆ ಎತ್ತಿಕೊಂಡು ಹೋಗಲ್ಪಟ್ಟ ಹೆಂಗಸಿಗೆ ಬಹಿಷ್ಕಾರ. ಎತ್ತಿಕೊಂಡು ಬಂದವರಿಗೆ, ಓಡಿಸಿದವರಿಗೆ, ಉಂಡವರಿಗೆ ಮೊದಲ ಸಾಲಿನ ಕುರ್ಚಿ. ಲೆಕ್ಕ ಹೇಗೆ ತಪ್ಪಿತು? ಪುಸ್ತಕ ತಂದುಕೊಡುವುದು ಸುಲಭವಾಗಿತ್ತು, ಅದಕ್ಕೇ ತಪ್ಪಿತು ಎಂದು ನನ್ನ ಲೆಕ್ಕ.

ಇನ್ನು ಆಗಸ್ಟ್ ತಿಂಗಳ ಸೇತುವೆಯ ವಿಷಯ. ಇದನ್ನು ಸಮಿತಿಯ ವರದಿಯಲ್ಲಿ ‘ಯಶಸ್ವಿ ಕಾರ್ಯಕ್ರಮ’ ಎಂದು ಬರೆದಿದೆ.

ಅಪಾ ಅವರ ಗಂಡ ಮುಕಾಶ್ ಡಾಕ್ಟರು ತೀರಿಕೊಂಡು ಆಗಸ್ಟಿಗೆ ವರ್ಷವಾಯಿತು. ದನದ ಡಾಕ್ಟರು. ಈ ಸಭೆಯಲ್ಲಿ ಯಾರ ಮನೆಯ ಹಸು ಅವರ ಕೈಯಲ್ಲಿ ಕರು ಹಾಕಿಲ್ಲ? ಅಪಾ ಕುದುರೆ ಕಡಿಸಿ, ಐದು ಗುಡಾರ ಹಾಕಿಸಿ, ವರ್ಷದ ಊಟಕ್ಕೆ ಸುತ್ತಿನ ಊರುಗಳಿಗೆಲ್ಲ ಹೇಳಿ ಕಳಿಸಿದ್ದರು. ವರ್ಷದ ಊಟಕ್ಕೆ ಕರೆ ಬಂದರೆ ಹೋಗದಿರುವುದು ನಮ್ಮಲ್ಲಿ ಇಲ್ಲ. ಜಗಳವಾಡಿದವರೂ ಹೋಗುತ್ತಾರೆ, ಗಡಿಕಲ್ಲು ಕಿತ್ತವರೂ ಹೋಗುತ್ತಾರೆ. ಆ ದಿನ ನಾನು ಇನ್ನಿಬ್ಬರ ಜೊತೆ ಸೇತುವೆಯ ಮೇಲೆ ನಿಂತು, ಬಂದ ಕಾರುಗಳನ್ನು ಒಂದೊಂದಾಗಿ ತಿರುಗಿಸಿದೆ. ಕಾರಿನವರು ತಲೆ ತಗ್ಗಿಸಿ ತಿರುಗಿಸಿಕೊಂಡು ಹೋದರು. ಅವರು ಲೇಖಕಿಯ ಮಾತನ್ನು ಒಪ್ಪದೆ ತಿರುಗಿದವರಲ್ಲ. ಊರು ತಮ್ಮನ್ನು ನೋಡುತ್ತಿದೆ ಎಂದು ಅಂಜಿದವರು.

ಶಾರ್ಷೆನ್ ಅಜ್ಜ ಮಾತ್ರ ಕುದುರೆಯ ಮೇಲೆ ಬಂದರು. ನಾನು ಲಗಾಮಿಗೆ ಕೈ ಹಾಕಿದೆ.

‘ಏನೋ ಇದು?’ ಎಂದರು.

‘ಬಹಿಷ್ಕಾರ ಅಜ್ಜ.’

‘ಯಾರಿಗೆ?’

‘ಕಾನಿಶೈ ಅಪಾಗೆ.’

‘ನಾನು ಬರೆದೋಳ ಹತ್ರ ಹೋಗ್ತಿಲ್ಲ ಕಣೋ, ಸತ್ತೋನ ಹತ್ರ ಹೋಗ್ತಿದೀನಿ. ಅವನೇನು ಟೀವಿಲಿ ಮಾತಾಡಿದ್ನಾ? ಬಿಡು ಲಗಾಮು. ಕುದುರೆ ಕಚ್ಚುತ್ತೆ, ನಾನೂ ಕಚ್ಚುತೀನಿ.’

ಬಿಟ್ಟೆ. ನಾನೂರು ಜನರಿಗೆ ಬೇಯಿಸಿದ ಊಟಕ್ಕೆ ಹನ್ನೊಂದು ಜನ ಕುಳಿತರಂತೆ.

ಊಟಕ್ಕೆ ಬರಲಾಗದವರ ಮನೆಗೆ ಅವರ ಪಾಲಿನ ಮಾಂಸ ಕಳಿಸಬೇಕಲ್ಲವೇ? ಮರುದಿನ ಅಪಾ ಕಳಿಸಿದರು. ಗಾಡಿ ತುಂಬ ಚೀಲಗಳು, ಒಂದೊಂದು ಚೀಲದ ಮೇಲೂ ಮನೆಯವರ ಹೆಸರು, ಅವರದೇ ಕೈಬರಹ. ನಮ್ಮ ಮನೆಗೂ ಬಂತು. ನಾನು ಮುಟ್ಟುವುದಿಲ್ಲ ಎಂದೆ. ಅಮ್ಮ ಆಗಲೇ ನೀರು ಕುದಿಸಿದ್ದಳು. ‘ನಿನ್ನ ಬಹಿಷ್ಕಾರ ನಿನ್ನ ಹೊಟ್ಟೆಗೆ ಇರ್ಲಿ ಮಗಾ, ಡಾಕ್ಟರು ನಮ್ಮ ಕಪ್ಪು ಹಸು ಉಳಿಸಿದ್ರು’ ಎಂದಳು. ನಾನೂ ತಿಂದೆ. ಆ ದಿನ ಯಾರ ಮನೆಯಿಂದಲಾದರೂ ಮಾಂಸ ವಾಪಸು ಹೋಗಿದ್ದರೆ ಕೈ ಎತ್ತಿ. ನೋಡಿದಿರಾ?

ಮಾಂಸ ಬಂದ ಚೀಲವನ್ನು ಖಾಲಿ ಕೊಡಬಾರದು ಎಂದು ಅಮ್ಮ ಅದರಲ್ಲಿ ಒಣ ಮೊಸರುಂಡೆ ತುಂಬಿ, ‘ನೀನೇ ಕೊಟ್ಟು ಬಾ’ ಎಂದು ಕೈಗೆ ಕೊಟ್ಟಳು. ಹೋದೆ. ಅಪಾ ಗುಡಾರದ ಕಂಬಳಿಗಳನ್ನು ಮಡಚುತ್ತಿದ್ದರು. ನನ್ನನ್ನು ನೋಡಿ, ‘ಬಾ, ಸೇತುವೆ. ಇನ್ನೊಂದು ತುದಿ ಹಿಡ್ಕೋ’ ಎಂದರು. ಇಬ್ಬರೂ ಮಡಚಿದೆವು. ನಾನು ಹೇಳಿದೆ.

‘ಅಪಾ, ಊಟಕ್ಕೆ ಅಡ್ಡ ನಿಂತಿದ್ದು ತಪ್ಪು. ಅದಕ್ಕೆ ಕ್ಷಮೆ ಕೇಳೋಕೆ ಬಂದೆ. ನೀವು ಟೀವಿಲಿ ಹೇಳಿದ್ದು ಇನ್ನೂ ತಪ್ಪೇ. ಅದಕ್ಕೆ ಬಂದಿಲ್ಲ.’

‘ಸರಿ. ಮೂಲೆ ಸರಿಯಾಗಿ ಹಿಡಿ, ಜೋತು ಬೀಳ್ತಿದೆ.’

‘ಮೂರು ದಿನ ಅತ್ತು ಎದ್ದೆ ಅಂದ್ರಿ. ಮೂರೇ ದಿನಾನಾ?’

ಅವರು ಮುಂದಿನ ಕಂಬಳಿ ಎತ್ತಿಕೊಂಡರು. ನಾಲ್ಕು ಕಂಬಳಿ ಮಡಚಿ ಮುಗಿಸಿದೆವು. ಆಮೇಲೆ ಚಹಾ ಸುರಿಯುತ್ತ ಹೇಳಿದರು. ‘ಮುಕಾಶ್‌ನ ನಾನು ಕ್ಷಮಿಸಿದೆ. ಒಂದೇ ದಿನದಲ್ಲಿ ಅಲ್ಲ, ವರ್ಷಗಳು ಹಿಡೀತು. ಒಳ್ಳೆ ಮನುಷ್ಯ ಆದ, ಆಗೋಕೆ ಕಷ್ಟಪಟ್ಟ. ಆ ದಿನ ಟ್ರಕ್ ಓಡಿಸಿದನಲ್ಲ, ಅವನನ್ನ ಕ್ಷಮಿಸಿಲ್ಲ. ಮುಕಾಶ್‌ಗೆ ನಾನು ಬೇಕಾಗಿದ್ದೆ. ಅವನಿಗೆ ನನ್ನಿಂದ ಏನೂ ಬೇಕಿರ್ಲಿಲ್ಲ. ಸುಮ್ನೆ ಓಡಿಸಿದ. ಸಿಳ್ಳೆ ಹಾಕ್ತಾ ಓಡಿಸಿದ.’

‘ಆಮೇಲೆ ಅವನೇನಾದ?’

‘ಏನೂ ಆಗ್ಲಿಲ್ಲ. ಅದೇ ನೋಡು.’

ಬಟ್ಟಲು ಕೆಳಗಿಟ್ಟೆ. ‘ಹಾಗಾದ್ರೆ ಇದನ್ನೇ ಯಾಕೆ ಟೀವಿಲಿ ಹೇಳ್ಲಿಲ್ಲ ಅಪಾ?’ ಎಂದೆ.

‘ಐವತ್ತು ವರ್ಷ ಬಾಳಿದ ಮನೇನ, ಇದರ ತಳಪಾಯನೇ ತಪ್ಪು ಅಂತ ಟೀವಿಲಿ ಹೇಳೋಕಾಗುತ್ತಾ? ನನ್ನ ನಾಲ್ಕು ಮಕ್ಕಳು ಎಲ್ಲಿ ನಿಂತ್ಕೋಬೇಕು?’

‘ಅದಕ್ಕೆ ಬೇರೆಯವರ ಮಕ್ಕಳನ್ನ ಅಲ್ಲಿ ನಿಲ್ಲಿಸ್ತೀರಾ?’

‘ನೀನೇ ಹೇಳ್ತೀಯಾ ಈ ಮಾತ್ನ? ಔಷಧಿ ಅಂಗಡಿ ಮುಂದೆ ಕಾರು ನಿಲ್ಲಿಸಿದೋನು?’ ಎಂದರು. ದನಿ ಏರಿಸಲಿಲ್ಲ. ‘ಎರಡು ಹಾಳೆ ಕಾಗದ ಬಂದಿದೆ ನನಗೆ. ನೀನು ಮಾಡಿದ ಎಲ್ಲಾ ಭಾಷಣಕ್ಕಿಂತ ಅದು ಚೆನ್ನಾಗಿದೆ. ಅದಕ್ಕೆ ಉತ್ತರ ಬರೀತಿದೀನಿ, ಮುಗೀತಿಲ್ಲ. ಚಹಾ ಕುಡಿ, ಆರ್ತಿದೆ.’

ಅವರು ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ನಾನೂ ಹಿಂತೆಗೆದುಕೊಳ್ಳಲಿಲ್ಲ. ಹಾಗೇ ಎದ್ದು ಬಂದೆ. ಅಪಾ ಬದಲಾದರು, ನಾನು ಬದಲಾದೆ ಎಂದು ಹೇಳಿದರೆ ಭಾಷಣ ಚೆನ್ನಾಗಿರುತ್ತಿತ್ತು. ಹಾಗೆ ಆಗಲಿಲ್ಲ.

ಅವರ ಪುಸ್ತಕ ಓದುವುದು ಬೇಡ ಎನ್ನುವವರು ಓದಬೇಡಿ, ಕೊಳ್ಳಬೇಡಿ. ಅದು ನಿಮ್ಮ ಹಕ್ಕು. ಒಬ್ಬ ಲೇಖಕಿ ತಪ್ಪು ಮಾತಾಡಿದಾಗ ಓದುಗ ಮುಖಕ್ಕೆ ಹೇಳದಿದ್ದರೆ ಇನ್ನಾರು ಹೇಳಬೇಕು? ಆದರೆ ಮುಖಕ್ಕೆ ಹೇಳುವುದೆಂದರೆ ಏನೆಂದು ಕಂಬಳಿ ಒಗೆಯುತ್ತಿದ್ದ ಹೆಂಗಸಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅವಳು ಕಾಗದ ಬರೆದಳು, ನಾನು ಸೇತುವೆಯ ಮೇಲೆ ನಿಂತೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮುಗಿಸುತ್ತೇನೆ. ಇನ್ನೊಂದೇ ವಿಷಯವಿದೆ. ಅದು ಹಳೆಯದಲ್ಲ, ಮೊನ್ನೆ ಸೋಮವಾರದ್ದು.

ಸೋಮವಾರ ಒಬ್ಬ ಮನುಷ್ಯ ನನ್ನ ವ್ಯಾನಿನ ಹತ್ತಿರ ಬಂದ. ‘ಶನಿವಾರ ಮಧ್ಯಾಹ್ನ ವ್ಯಾನು ಖಾಲಿ ಇಟ್ಕೋ. ಮದುವೆ ಇದೆ’ ಎಂದ.

ಹುಡುಗಿ ಯಾರು ಎಂದು ಕೇಳಿದೆ. ಹೇಳಿದ.

‘ಅವಳಿಗೆ ಗೊತ್ತಾ?’

‘ಗೊತ್ತಾಗುತ್ತೆ ಬಿಡು.’

‘ಬೇರೆ ಯಾರಾದ್ರೂ ಡ್ರೈವರ್ ನೋಡ್ಕೋ.’

ಅವನು ನನ್ನ ಹೆಗಲ ಮೇಲೆ ಕೈ ಹಾಕಿ ಬಹಳ ಪ್ರೀತಿಯಿಂದ ಹೇಳಿದ. ‘ಬೇರೆ ಯಾರಾದ್ರೂ ಆದ್ರೆ ಅವಳು ಹತ್ತಲ್ಲ ಮಾರಾಯ. ನೀನಾದ್ರೆ ಹತ್ತುತಾಳೆ. ನೀನು ಬಹಿಷ್ಕಾರದೋನು, ಹೆಣ್ಮಕ್ಕಳ ಪರ ಮಾತಾಡೋನು. ಜಿಲ್ಲೆಲಿ ಎಲ್ಲಾ ಹುಡುಗೀರೂ ನಿನ್ನನ್ನ ನಂಬ್ತಾರೆ. ಅದಕ್ಕೇ ನಿನ್ನ ಹತ್ರ ಬಂದಿದ್ದು.’

ಅವನು ತಮಾಷೆ ಮಾಡುತ್ತಿರಲಿಲ್ಲ. ಅವನ ಎದೆಯ ಮೇಲೆ ನಮ್ಮ ಸಮಿತಿಯ ಬಿಲ್ಲೆ ಇತ್ತು. ಈಗಲೂ ಇದೆ. ಅವನು ಈ ಸಭೆಯಲ್ಲಿ ಕುಳಿತಿದ್ದಾನೆ.

ಯಾರೂ ಹಿಂದೆ ತಿರುಗಿ ನೋಡುವುದು ಬೇಡ. ನಾನು ಹೆಸರು ಹೇಳುವುದಿಲ್ಲ. ನಿನ್ನೆ ಸಂಜೆ ಆ ಹುಡುಗಿಯ ಮನೆಗೆ ಹೋಗಿ ಅವಳಿಗೂ ಅವಳ ತಂದೆತಾಯಿಗೂ ಎಲ್ಲವನ್ನೂ ಹೇಳಿ ಬಂದಿದ್ದೇನೆ. ಅವನ ಹೆಸರನ್ನು ಸಭೆಯಲ್ಲಿ ಹೇಳಲೇ ಎಂದು ಅವಳನ್ನೇ ಕೇಳಿದೆ. ‘ಬೇಡ, ಠಾಣೆಲಿ ನಾನೇ ಹೇಳ್ತೀನಿ’ ಎಂದಳು. ಹೇಳಿಯೂ ಆಗಿದೆ. ದೂರಿನ ಕೆಳಗೆ ನನ್ನ ಸಹಿಯೂ ಇದೆ. ಇದನ್ನು ಶೌರ್ಯ ಎನ್ನಬೇಡಿ. ವ್ಯಾನು ನನ್ನದು, ಅಷ್ಟೇ.

ಈಗ ಕಲ್ಪಾಕ್. ಅಧ್ಯಕ್ಷರೇ, ನಾನು ಇದನ್ನು ಹಾಕಿಕೊಳ್ಳುವುದಿಲ್ಲ. ನಿಮ್ಮನ್ನು ಅವಮಾನಿಸಲು ಅಲ್ಲ. ಟೋಪಿ ಒಳ್ಳೆಯದು, ತಲೆಯೂ ಅಷ್ಟು ಕೆಟ್ಟದಲ್ಲ. ಆದರೆ ಇದನ್ನು ಹಾಕಿಕೊಂಡು ವ್ಯಾನಿನಲ್ಲಿ ಕುಳಿತರೆ ಜನ ನನ್ನನ್ನು ಇನ್ನೂ ಹೆಚ್ಚು ನಂಬುತ್ತಾರೆ. ನನ್ನನ್ನು ನಂಬಿದ ಒಬ್ಬಳನ್ನು ನಾನು ಎಲ್ಲಿಗೆ ತಲುಪಿಸಿದೆ ಎಂದು ಈಗ ನಿಮಗೆ ಗೊತ್ತು. ಕಾರು ಓಡಿಸಿದ್ದು ನಾನು. ನನ್ನನ್ನು ನಂಬಿ ಹತ್ತಿದಳು.

ಈ ಸಭೆಯಲ್ಲಿರುವ ಹುಡುಗಿಯರಿಗೆ ಒಂದು ಮಾತು ಹೇಳಿ ಇಳಿಯುತ್ತೇನೆ. ತಂಗಿಯರೇ, ನನ್ನ ವ್ಯಾನು ನಿಮಗೆ ಗೊತ್ತು. ಬಿಳಿ ಬಣ್ಣ, ಮುಂದಿನ ಗಾಜಿನ ಬಲಮೂಲೆಯಲ್ಲಿ ಬಿರುಕು. ಬೆಳಗ್ಗೆ ಏಳಕ್ಕೆ ಹೊರಡುತ್ತದೆ. ಓಡಿಸುವವನು ತಾಲಾಯ್ ಎಂಬ ಒಂದೇ ಕಾರಣಕ್ಕೆ ಅದನ್ನು ಯಾವತ್ತೂ ಹತ್ತಬೇಡಿ. ಮೊದಲು ಹಿಂದಿನ ಸೀಟಿನಲ್ಲಿ ಯಾರಿದ್ದಾರೆ ನೋಡಿ. ಎಲ್ಲಿಗೆ ಹೋಗುತ್ತಿದೆ ಕೇಳಿ. ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಹತ್ತಲೇಬೇಡಿ.

ಇಷ್ಟು ಹೊತ್ತು ಮಾತಾಡಲು ಬಿಟ್ಟ ಅಧ್ಯಕ್ಷರಿಗೆ, ಮೈಕು ಆರಿಸದೆ ಬಿಟ್ಟ ಅಣ್ಣನಿಗೆ, ಎದ್ದು ಹೋಗದೆ ಕೇಳಿದ ನಿಮಗೆ ಕೃತಜ್ಞತೆಗಳು. ಎದ್ದು ಹೋದವರಿಗೂ. ನಮಸ್ಕಾರ.